ಮುಂಜಾನೆ ತಪ್ಪುತ್ತಿದ್ದ ಎಳೆ: ಬಾಗಲಕೋಟೆ ಜಿಲ್ಲೆಯ ಒಂದು ಮೆನ್-1 ಕುಟುಂಬದ ಪ್ರಕರಣ ಅಧ್ಯಯನ

ಮೆನ್-1 ಎಂದರೆ ಹಾರ್ಮೋನು ಮಾಡುವ ಹಲವು ಗ್ರಂಥಿಗಳಲ್ಲಿ ಗಡ್ಡೆ ಏಳುವ, ಮನೆತನದಲ್ಲಿ ಹರಿದುಬರುವ ಕಾಯಿಲೆ. ರೋಗಿ ಮತ್ತು ಅವರ ಮನೆಯವರ ಒಪ್ಪಿಗೆ ಪಡೆದ ಮೇಲೆ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಯಸ್ಸು, ಊರು ಮತ್ತು ಮನೆತನದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಾಯಿಲೆ ಹಿಡಿದ ದಾರಿಯನ್ನಾಗಲಿ, ನಾವು ತೆಗೆದುಕೊಂಡ ನಿರ್ಧಾರಗಳನ್ನಾಗಲಿ, ಮಾಡಿದ ತಪ್ಪುಗಳನ್ನಾಗಲಿ ಬದಲಿಸಿಲ್ಲ.

ಹಿನ್ನೆಲೆ

ರೋಗಿ 42 ವರ್ಷದ ಗಂಡಸು. ಬಾಗಲಕೋಟೆ ಜಿಲ್ಲೆಯ ಪುನರ್ವಸತಿ ಊರೊಂದರಲ್ಲಿ ಕುಣಿಮಗ್ಗ ಹಾಕಿಕೊಂಡು ಇಳಕಲ್ ಸೀರೆ ನೇಯುವ ಕುಟುಂಬ. ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಎಳೆ ಎಳೆಯಾಗಿ ಕೂಡಿಸುವ ಕೆಲಸದಲ್ಲಿ ಅವರ ಕೈ ಓಣಿಯಲ್ಲೆಲ್ಲ ಹೆಸರಾಗಿತ್ತು. ನಮ್ಮಲ್ಲಿಗೆ ಬರುವುದಕ್ಕೆ ಸುಮಾರು ಮೂರು ವರ್ಷ ಮೊದಲು ಆ ಕೈ ತಪ್ಪತೊಡಗಿತು, ಅದೂ ಮುಂಜಾನೆ ಮಾತ್ರ. ನಸುಕಿನಲ್ಲಿ ಮಗ್ಗಕ್ಕೆ ಇಳಿದು ನೇಯ್ದ ಗೇಣುದ್ದದ ಬಟ್ಟೆಯಲ್ಲಿ ಎಳೆಗಳು ಅದಲುಬದಲಾಗಿರುತ್ತಿದ್ದವು. ಒಂಬತ್ತು ಗಂಟೆಗೆ ರೊಟ್ಟಿ ತಿಂದು ಮತ್ತೆ ಕುಳಿತರೆ ಒಂದು ಎಳೆಯೂ ತಪ್ಪುತ್ತಿರಲಿಲ್ಲ. ಮೊದಲು ಗಮನಿಸಿದವರು ಅವರ ಹೆಂಡತಿ, ಏಕೆಂದರೆ ತಪ್ಪಿದ ಎಳೆಯನ್ನು ಬಿಚ್ಚುವ ಕೆಲಸ ಅವರ ಪಾಲಿಗೆ ಬರುತ್ತಿತ್ತು.

ಆರೇಳು ತಿಂಗಳಲ್ಲಿ ತಪ್ಪು ಬಟ್ಟೆಯನ್ನು ದಾಟಿ ಮಾತಿಗೆ ಬಂತು. ಬೆಳಗಿನ ಜಾವ ಮೈಯೆಲ್ಲ ಬೆವರಿ, ಮಕ್ಕಳ ಹೆಸರು ಮರೆತು, ಸಂಬಂಧವಿಲ್ಲದ್ದನ್ನು ಒದರುತ್ತಿದ್ದರು. ಹಿರಿಯರು ಮೈಮೇಲೆ ಬಂದಿದೆ ಎಂದರು, ದೇವರಿಗೆ ಹೋಗಿ ಬಂದರು. ಒಂದು ದಿನ ಮಗ್ಗದ ಕುಣಿಯಲ್ಲೇ ಕೈಕಾಲು ಸೆಟೆದು ಬಿದ್ದಾಗ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದರು. ತಲೆಯ ಎಂಆರ್‌ಐ ಮತ್ತು ಇಇಜಿ ಎರಡೂ ಸರಿಯಾಗಿದ್ದವು. ಕಣ್ಣೆದುರಿಗೆ ಸೆಳವು ಬಂದದ್ದರಿಂದ ಮೂರ್ಛೆರೋಗದ ಗುಳಿಗೆ ಶುರುವಾಯಿತು. ಅವತ್ತು ಅಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷ ಗುಳಿಗೆ ನಡೆಯಿತು. ಸೆಳವು ನಿಲ್ಲಲಿಲ್ಲ, ತೂಕ ಮಾತ್ರ 12 ಕಿಲೋ ಏರಿತು.

ಆಷಾಢ ಏಕಾದಶಿಯಂದು ಅವರು ನಿಟ್ಟುಪವಾಸ ಮಾಡಿದರು. ಮರುದಿನ ನಸುಕಿನಲ್ಲಿ ಎಚ್ಚರವಿಲ್ಲದ ಸ್ಥಿತಿಯಲ್ಲಿ ನಮ್ಮಲ್ಲಿಗೆ ತಂದರು. ರಾತ್ರಿ ಪಾಳಿಯ ನರ್ಸ್ ಮೊದಲು ಮಾಡಿದ ಕೆಲಸ ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡಿದ್ದು: 34 ಮಿಗ್ರಾಂ. ಶೇ 25ರ ಡೆಕ್ಸ್‌ಟ್ರೋಸ್ ರಕ್ತನಾಳಕ್ಕೆ ಹೋದ ಐದು ನಿಮಿಷಕ್ಕೆ ಅವರು ಎದ್ದು ಕುಳಿತು, ಮಂಚದ ಮೇಲೆ ಕೈಯಾಡಿಸುತ್ತ, "ಲಾಳಿ ಎಲ್ಲಿ ಇಟ್ಟಿ?" ಎಂದು ಹೆಂಡತಿಯನ್ನು ಕೇಳಿದರು.

ಸಮಸ್ಯೆ

ಸಕ್ಕರೆ ಕಾಯಿಲೆಯ ಔಷಧಿ ತೆಗೆದುಕೊಳ್ಳದವರಲ್ಲಿ ಸಕ್ಕರೆ ಈ ಮಟ್ಟಕ್ಕೆ ಇಳಿಯುವುದು ಸಾಮಾನ್ಯವಲ್ಲ. ಅಮೆರಿಕದ ಶಸ್ತ್ರವೈದ್ಯ ವಿಪಲ್ 1935ರಲ್ಲಿ ಸೂಚಿಸಿದ ಮೂರು ಲಕ್ಷಣಗಳನ್ನು ಇಂದಿಗೂ ನಾವು ಹಿಡಿದುಕೊಂಡಿದ್ದೇವೆ: ಸಕ್ಕರೆ ಇಳಿದಾಗ ಕಾಣಿಸುವ ತೊಂದರೆ, ಆ ಹೊತ್ತಿನಲ್ಲೇ ಅಳೆದು ತೋರಿಸಿದ ಕಡಿಮೆ ಸಕ್ಕರೆ, ಸಕ್ಕರೆ ಕೊಟ್ಟ ಕೂಡಲೇ ಗುಣ. ಮೂರನೆಯದನ್ನು ರೋಗಿಯ ಹೆಂಡತಿ ಎಂದೋ ಕಂಡುಕೊಂಡಿದ್ದರು. "ಚಹಾಕ್ಕ ಎರಡ ಚಮಚಾ ಸಕ್ಕರಿ ಹೆಚ್ಚಿಗಿ ಹಾಕಿ ಕುಡಿಸಿದ್ರ ಹತ್ತ ಮಿನಿಟಿನ್ಯಾಗ ಮೊದಲಿನಂಗ ಆಗ್ತಾರ್ರಿ ಸರ. ಇದನ್ನ ಹೇಳಬೇಕಂತ ಭಾಳ ಸಲ ಮಾಡೀನ್ರಿ, ಯಾರೂ ಕೇಳಲಿಲ್ಲ," ಎಂದರು. ತೂಕ ಏರಿದ್ದರ ಕಾರಣವೂ ಇದರಲ್ಲೇ ಇತ್ತು. ತೊಂದರೆ ಬರದಿರಲೆಂದು ಅವರು ಎರಡು ತಾಸಿಗೊಮ್ಮೆ ಏನಾದರೂ ತಿನ್ನಿಸುತ್ತಿದ್ದರು.

ಮನೆಯಲ್ಲಿ ರೋಗಿಯ ತಾಯಿ ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಿದ್ದರು. ಗುಳಿಗೆ ಅದಲುಬದಲಾಗಿ ಮಗನ ಹೊಟ್ಟೆ ಸೇರುತ್ತಿದೆಯೇ ಎಂಬ ಅನುಮಾನವನ್ನು ಮೊದಲು ತೆಗೆಯಬೇಕಿತ್ತು. ತಾಯಿಯ ಪಟ್ಟಿಗಳನ್ನು ತರಿಸಿ ಎಣಿಸಿದೆವು, ರಕ್ತದಲ್ಲಿ ಆ ಗುಂಪಿನ ಔಷಧಿ ಇಲ್ಲವೆಂದು ಖಚಿತ ಮಾಡಿಕೊಂಡೆವು. ಆಮೇಲೆ ವಾರ್ಡಿನಲ್ಲಿ ನಿಗಾ ಇಟ್ಟು ಉಪವಾಸ ಪರೀಕ್ಷೆ. 72 ತಾಸಿನವರೆಗೆ ನಡೆಸಬಹುದಾದ ಈ ಪರೀಕ್ಷೆ ಇವರಲ್ಲಿ 14ನೆಯ ತಾಸಿಗೇ ಮುಗಿಯಿತು. ಮಾತು ತೊದಲತೊಡಗಿದ ಆ ಹೊತ್ತಿಗೆ ರಕ್ತನಾಳದಿಂದ ತೆಗೆದ ಮಾದರಿಯಲ್ಲಿ ಸಕ್ಕರೆ 41 ಮಿಗ್ರಾಂ ಇತ್ತು, ಇನ್ಸುಲಿನ್ 17 ಮೈಕ್ರೊಯೂನಿಟ್, ದೇಹ ತಾನೇ ಇನ್ಸುಲಿನ್ ಮಾಡುವಾಗ ಅದರ ಜೊತೆಗೆ ಹೊರಬೀಳುವ ಸಿ-ಪೆಪ್ಟೈಡ್ ಎಂಬ ತುಣುಕು 2.6 ನ್ಯಾನೊಗ್ರಾಂ. ಸಕ್ಕರೆ 55ಕ್ಕಿಂತ ಕೆಳಗಿಳಿದಾಗ ಇನ್ಸುಲಿನ್ 3 ಮುಟ್ಟಬಾರದು, ಸಿ-ಪೆಪ್ಟೈಡ್ 0.6 ಮುಟ್ಟಬಾರದು. ಚುಚ್ಚುಮದ್ದಿನ ಇನ್ಸುಲಿನ್ ಆಗಿದ್ದರೆ ಸಿ-ಪೆಪ್ಟೈಡ್ ಏರುತ್ತಿರಲಿಲ್ಲ. ಅಂದರೆ ದೇಹವೇ ಬೇಡದ ಹೊತ್ತಿನಲ್ಲಿ ಇನ್ಸುಲಿನ್ ಸುರಿಯುತ್ತಿತ್ತು. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಂದ ನಾಲ್ವರಿಗೆ ಕಾಣಿಸುವ ಇನ್ಸುಲಿನೋಮಾ, ಅಂದರೆ ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಸುರಿಯುವ ನ್ಯೂರೋಎಂಡೋಕ್ರೈನ್ (ಹಾರ್ಮೋನು ಮಾಡುವ ಕೋಶಗಳ) ಗಡ್ಡೆ, ನಮ್ಮೆದುರಿಗಿತ್ತು.

ಗಡ್ಡೆ ಇದೆ ಎಂದು ರಕ್ತ ಹೇಳಿತು, ಸಿಟಿ ಸ್ಕ್ಯಾನ್ ಇಲ್ಲ ಎಂದಿತು. ನಾವು ವರದಿಯ ಕೊನೆಯ ಸಾಲನ್ನಷ್ಟೇ ಓದಿ ಒಂದು ವಾರ ಕಳೆದೆವು. ಆಮೇಲೆ ರೇಡಿಯಾಲಜಿಸ್ಟ್ ಜೊತೆ ಕುಳಿತು ಚಿತ್ರಗಳನ್ನು ತೆಗೆಸಿ ನೋಡಿದಾಗ ಗೊತ್ತಾದದ್ದು, ಬಣ್ಣದ್ರವ ಅಪಧಮನಿಯಲ್ಲಿ ಓಡುವ ಮೊದಲ ಹಂತದ ಚಿತ್ರಗಳನ್ನೇ ತೆಗೆದಿರಲಿಲ್ಲ. ಈ ಗಡ್ಡೆಗಳು ರಕ್ತನಾಳಗಳಿಂದ ತುಂಬಿರುವುದರಿಂದ ಆ ಕೆಲವು ಸೆಕೆಂಡುಗಳಲ್ಲಿ ಮಾತ್ರ ಬೆಳಗುತ್ತವೆ, ಆಮೇಲೆ ಸುತ್ತಲಿನ ಮಾಂಸದೊಳಗೆ ಕರಗಿಹೋಗುತ್ತವೆ. ಕೋರಿಕೆಯ ಚೀಟಿಯಲ್ಲಿ ನಾನು ಬರೆದಿದ್ದದ್ದು "ಹೊಟ್ಟೆಯ ಸಿಟಿ" ಎಂದಷ್ಟೇ.

ಚೀಲದಲ್ಲಿದ್ದ ಕ್ಯಾಲ್ಸಿಯಂ

ಈ ಪ್ರಕರಣ ತಿರುಗಿದ್ದು ಒಂದು ಪ್ಲಾಸ್ಟಿಕ್ ಚೀಲದಿಂದ. ಹಳೆಯ ಕಾಗದಗಳನ್ನೆಲ್ಲ ತನ್ನಿ ಎಂದಿದ್ದಕ್ಕೆ ಹೆಂಡತಿ ಸೀರೆ ಅಂಗಡಿಯ ಚೀಲವೊಂದನ್ನು ತಂದು ಮೇಜಿನ ಮೇಲೆ ಸುರಿದರು. ಮೂರ್ಛೆರೋಗದ ಚಿಕಿತ್ಸೆ ಶುರುವಾದ ವಾರ ಮಾಡಿಸಿದ್ದ ರಕ್ತಪರೀಕ್ಷೆಯ ವರದಿ ನಾಲ್ಕು ಮಡಿಕೆಯಾಗಿ ಅದರಲ್ಲಿತ್ತು, ಮಡಿಕೆಯ ಗೆರೆ ಸರಿಯಾಗಿ ಕ್ಯಾಲ್ಸಿಯಂ ಸಾಲಿನ ಮೇಲೆ ಹಾದುಹೋಗಿತ್ತು. ಬೆಳಕಿಗೆ ಹಿಡಿದು ಓದಿದೆ: 11.2. ಪಕ್ಕದಲ್ಲಿ ಹೆಚ್ಚಿದೆ ಎಂದು ಸೂಚಿಸುವ ದಪ್ಪಕ್ಷರದ 'ಎಚ್'. ಎರಡು ವರ್ಷ ಯಾರೂ ಅದನ್ನು ನೋಡಿರಲಿಲ್ಲ. ನೋಡಿದ್ದರೂ ಸೆಳವಿಗೂ ಇದಕ್ಕೂ ಏನು ಸಂಬಂಧ ಎಂದು ಬಿಟ್ಟಿರಬಹುದು. ಈಗ ಮತ್ತೆ ಮಾಡಿಸಿದಾಗ ಕ್ಯಾಲ್ಸಿಯಂ 11.4 ಬಂತು, ಆಲ್ಬುಮಿನ್ ಸರಿಯಾಗಿತ್ತು, ರಕ್ತದ ಕ್ಯಾಲ್ಸಿಯಂ ಏರಿಸುವ ಪ್ಯಾರಾಥೈರಾಯ್ಡ್ ಹಾರ್ಮೋನ್ 118, ಅದರ ಮೇಲಿನ ಮಿತಿ 65.

ಮೇದೋಜ್ಜೀರಕದಲ್ಲಿ ಗಡ್ಡೆ, ಕುತ್ತಿಗೆಯಲ್ಲಿ ಅತಿಯಾಗಿ ದುಡಿಯುವ ಪ್ಯಾರಾಥೈರಾಯ್ಡ್. ಇವೆರಡು ಒಬ್ಬರಲ್ಲೇ ಕಂಡರೆ ಕುಟುಂಬದ ಕಡೆಗೆ ತಿರುಗಲೇಬೇಕು. ಹಾಗೆ ನೋಡಿದರೆ ನಾನು ಮೊದಲ ದಿನವೇ ತಿರುಗಬೇಕಿತ್ತು. "ಮನೆಯಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇದೆಯೇ" ಎಂದು ಕೇಳಿ, "ಇಲ್ರಿ" ಎಂಬ ಉತ್ತರವನ್ನು ಬರೆದುಕೊಂಡು ಮುಂದೆ ಹೋಗಿದ್ದೆ. ಈಗ ಬೇರೆ ರೀತಿ ಕೇಳಿದೆ: ಯಾರಿಗೆ ಹರಳು ಆಗಿದೆ, ಯಾರಿಗೆ ಹೊಟ್ಟೆಯ ಆಪರೇಷನ್ ಆಗಿದೆ, ಯಾರಿಗೆ ಮಕ್ಕಳಾಗಲು ತಡವಾಯಿತು. ಒಂದೊಂದೇ ಹೊರಬಂದವು. ತಂದೆಗೆ ಎರಡು ಸಲ ಹೊಟ್ಟೆಹುಣ್ಣಿನ ಶಸ್ತ್ರಕ್ರಿಯೆಯಾಗಿ ಐವತ್ತರ ಆಸುಪಾಸಿನಲ್ಲಿ ತೀರಿಕೊಂಡಿದ್ದರು. ಅವರ ಕಾಗದಗಳು ಮುಳುಗಡೆಯಲ್ಲಿ ಹಳೆಯ ಊರು ಬಿಡುವಾಗ ಎಲ್ಲೋ ಹೋದವು. ಅಕ್ಕನಿಗೆ ನಾಲ್ಕು ಸಲ ಮೂತ್ರಪಿಂಡದ ಹರಳು; ಒಬ್ಬ ಮಗ ಹುಟ್ಟಿದ ಮೇಲೆ ಮುಟ್ಟು ನಿಂತಿತ್ತು, ಕೂಸಿಲ್ಲದೆಯೂ ಎದೆಹಾಲು ಬರುತ್ತಿತ್ತು. ಇದನ್ನು ಅವರು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ನಮ್ಮ ಸೀಮೆಯ ಬಿಸಿಲಿನಲ್ಲಿ, ಗಡಸು ನೀರಿನಲ್ಲಿ ಹರಳು ಎಂಬುದು ಮನೆಮಾತು. ಆದ್ದರಿಂದಲೇ ಅದನ್ನು ಯಾರೂ ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ, ರೋಗಿಯೂ ಹಿಡಿಯುವುದಿಲ್ಲ, ವೈದ್ಯರೂ ಹಿಡಿಯುವುದಿಲ್ಲ. ರೋಗಿಯ ಮೂಗಿನ ಎರಡೂ ಬದಿಗಿದ್ದ ಸಣ್ಣ ಗುಳ್ಳೆಗಳನ್ನು ನಾನು ಹಳೆಯ ಮೊಡವೆ ಎಂದುಕೊಂಡಿದ್ದೆ. ಚರ್ಮವೈದ್ಯರು ಭೂತಗನ್ನಡಿಯಲ್ಲಿ ನೋಡಿ ಆಂಜಿಯೋಫೈಬ್ರೋಮಾ, ಅಂದರೆ ಈ ಕಾಯಿಲೆಯವರ ಮುಖದಲ್ಲಿ ಕಾಣಿಸುವ ಸಣ್ಣ ಚರ್ಮದ ಗಂಟು ಎಂದರು.

ಪ್ಯಾರಾಥೈರಾಯ್ಡ್, ಮೇದೋಜ್ಜೀರಕ, ಮೆದುಳಿನ ಬುಡದ ಪಿಟ್ಯುಟರಿ ಈ ಮೂರರಲ್ಲೂ ಗಡ್ಡೆ ಏಳುವ ಈ ಆನುವಂಶಿಕ ಸ್ಥಿತಿಯನ್ನು ವೈದ್ಯ ವರ್ಮರ್ 1954ರಲ್ಲಿ ಒಂದು ಕುಟುಂಬದ ಮೂಲಕ ವಿವರಿಸಿದರು. ಇಂದು ಅದನ್ನು ಮೆನ್-1 ಎನ್ನುತ್ತೇವೆ. ಹೆಚ್ಚಿದ ಕ್ಯಾಲ್ಸಿಯಂ ಹರಳಾಗಬಹುದು, ಕೆಲವು ಗಡ್ಡೆಗಳು ಹೊಟ್ಟೆಹುಣ್ಣು ತರಬಹುದು, ಪಿಟ್ಯುಟರಿಯ ಗಡ್ಡೆ ಮುಟ್ಟು ನಿಲ್ಲಿಸಿ ಹಾಲು ಬರಿಸಬಹುದು. ಕಾರಣವಾದ, ಮೆನ್-1 ಎಂದೇ ಕರೆಯುವ ಜೀನ್ 11ನೆಯ ವರ್ಣತಂತುವಿನ ಉದ್ದ ತೋಳಿನಲ್ಲಿದೆ ಎಂದು 1988ರಲ್ಲಿ ತಿಳಿಯಿತು. ಜೀನನ್ನೇ ಹಿಡಿದು ತೋರಿಸಿದ್ದು 1997ರಲ್ಲಿ. ಆ ಪ್ರಬಂಧದ ಮೊದಲ ಲೇಖಕರು ಚಂದ್ರಶೇಖರಪ್ಪ. ಕುಟುಂಬದವರಿಗೆ ಈ ಹೆಸರು ಹೇಳಿದಾಗ, ಇಷ್ಟೊತ್ತೂ ತಲೆ ತಗ್ಗಿಸಿ ಕುಳಿತಿದ್ದ ರೋಗಿ ಮೊದಲ ಬಾರಿ ಮುಖವೆತ್ತಿ, "ನಮ್ಮ ಕಡೇವ್ರ ಏನ್ರಿ?" ಎಂದು ಕೇಳಿದರು.

ಈ ಜೀನ್ ಮೆನಿನ್ ಎಂಬ, 610 ಅಮೈನೋ ಆಮ್ಲಗಳ ಒಂದು ಪ್ರೋಟೀನನ್ನು ಕಟ್ಟಿಸುತ್ತದೆ. ಬೇರೆ ಜೀನ್‌ಗಳು ಯಾವಾಗ ಎಷ್ಟು ಕೆಲಸ ಮಾಡಬೇಕು ಎಂಬುದನ್ನು ನಿಯಂತ್ರಿಸುವವರಲ್ಲಿ ಮೆನಿನ್ ಒಬ್ಬ. ವರ್ಣತಂತುವಿನ ಎಳೆ ಸುತ್ತಿಕೊಂಡಿರುವ ಹಿಸ್ಟೋನ್ ಉಂಡೆಗಳ ಮೇಲೆ ರಾಸಾಯನಿಕ ಗುರುತು ಹಾಕುವ ಕಿಣ್ವಗಳ ಜೊತೆ ಸೇರಿ, ಕೋಶದ ವಿಭಜನೆಗೆ ಕಡಿವಾಣ ಹಾಕುವ ಪಿ27 ಮತ್ತು ಪಿ18 ಎಂಬ ಪ್ರೋಟೀನ್‌ಗಳ ಜೀನ್‌ಗಳನ್ನು ಅದು ಎಚ್ಚರವಾಗಿಡುತ್ತದೆ. ಮೆನಿನ್ ಇಲ್ಲವಾದರೆ ಆ ಜೀನ್‌ಗಳು ಹಾಳಾಗುವುದಿಲ್ಲ. ಇದ್ದಲ್ಲೇ ಇದ್ದು ಮೌನವಾಗುತ್ತವೆ. ತಂದೆ ಅಥವಾ ತಾಯಿಯಿಂದ ಬಂದ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿರುತ್ತದೆ; ಇನ್ನೊಂದು ಪ್ರತಿ ಯಾವುದೋ ಒಂದು ಕೋಶದಲ್ಲಿ ಮುಂದೆಂದೋ ಕಳೆದುಹೋದಾಗ ಅಲ್ಲಿ ಗಡ್ಡೆ ಮೊಳೆಯುತ್ತದೆ. ಕಣ್ಣಿನ ರೆಟಿನೋಬ್ಲಾಸ್ಟೋಮಾ ಗಡ್ಡೆಯನ್ನು ಇಟ್ಟುಕೊಂಡು ನುಡ್ಸನ್ 1971ರಲ್ಲಿ ಹೇಳಿದ ಎರಡು ಹೊಡೆತಗಳ ಲೆಕ್ಕ ಇಲ್ಲಿಗೂ ಒಪ್ಪುತ್ತದೆ. ಎರಡನೆಯ ಹೊಡೆತ ಎಷ್ಟೋ ಕೋಶಗಳಲ್ಲಿ ಬೇರೆಬೇರೆಯಾಗಿ ಬೀಳುವುದರಿಂದ ಇವರಲ್ಲಿ ಗಡ್ಡೆ ಒಂದಕ್ಕೇ ನಿಲ್ಲುವುದು ಅಪರೂಪ. ಇದನ್ನು ಪುಸ್ತಕದಲ್ಲಿ ಓದಿ ಗೊತ್ತಿದ್ದರೂ ಮುಂದಿನ ಹೆಜ್ಜೆಯಲ್ಲಿ ನಾನು ಮರೆತೆ.

ಹೊಳೆದ ಚುಕ್ಕೆ

ಗಡ್ಡೆ ಎಲ್ಲಿದೆ ಎಂದು ಹುಡುಕಲು ಅವರನ್ನು ಬೆಂಗಳೂರಿಗೆ ಗ್ಯಾಲಿಯಂ-68 ಡೋಟಾನಾಕ್ ಪೆಟ್ ಸ್ಕ್ಯಾನ್‌ಗೆ ಕಳಿಸಿದೆವು. ಬಹುಪಾಲು ನ್ಯೂರೋಎಂಡೋಕ್ರೈನ್ ಗಡ್ಡೆಗಳ ಕೋಶಗಳ ಮೈಮೇಲೆ, ಬೇರೆ ಹಾರ್ಮೋನುಗಳ ಸುರಿತವನ್ನು ತಡೆಯುವ ಸೊಮಾಟೋಸ್ಟಾಟಿನ್ ಹಾರ್ಮೋನು ಬಂದು ಅಂಟುವ ಗ್ರಾಹಕಗಳು, ಮುಖ್ಯವಾಗಿ ಎರಡನೆಯ ಬಗೆಯವು, ದಟ್ಟವಾಗಿ ಇರುತ್ತವೆ. ವಿಕಿರಣ ಹೊತ್ತ ಔಷಧಿ ಅವಕ್ಕೆ ಅಂಟಿಕೊಂಡು ಚಿತ್ರದಲ್ಲಿ ಬೆಳಗುತ್ತದೆ. ವರದಿಯಲ್ಲಿ ಮೇದೋಜ್ಜೀರಕದ ಬಾಲದ ತುದಿಯಲ್ಲಿ 9 ಮಿಲಿಮೀಟರಿನ ಒಂದು ಚುಕ್ಕೆ ನಿಚ್ಚಳವಾಗಿ ಹೊಳೆದಿತ್ತು. ಎಲ್ಲರಿಗೂ ಹಗುರವೆನಿಸಿತು. ಕಳ್ಳ ಸಿಕ್ಕ, ಬಾಲವನ್ನು ಕತ್ತರಿಸಿದರೆ ಮುಗಿಯಿತು ಎಂದು ಶಸ್ತ್ರಕ್ರಿಯೆಯ ದಿನಾಂಕವನ್ನೂ ಕೇಳಿಬಿಟ್ಟೆವು.

ಅಲ್ಲಿಯವರೆಗೆ ಸಕ್ಕರೆಯನ್ನು ಹಿಡಿದಿಡಬೇಕಿತ್ತು. ಇದಕ್ಕೆ ರೂಢಿಯಲ್ಲಿರುವ ಡಯಾಜಾಕ್ಸೈಡ್ ತಕ್ಷಣ ಸಿಗಲಿಲ್ಲ. ಚುಕ್ಕೆ ಹೊಳೆದಿದೆ ಎಂದರೆ ಗ್ರಾಹಕ ಇದೆ, ಗ್ರಾಹಕ ಇದೆ ಎಂದರೆ ಅದೇ ಗ್ರಾಹಕದ ಮೂಲಕ ಕೆಲಸ ಮಾಡುವ ಆಕ್ಟ್ರಿಯೋಟೈಡ್ ಇನ್ಸುಲಿನ್ ಸುರಿತವನ್ನು ತಡೆಯುತ್ತದೆ ಎಂದು ತರ್ಕಿಸಿ, ವಾರ್ಡಿನಲ್ಲಿ ನಿಗಾ ಇಟ್ಟು 100 ಮೈಕ್ರೊಗ್ರಾಂ ಚರ್ಮದಡಿ ಕೊಟ್ಟೆ. ಆಗ ಸಕ್ಕರೆ 72 ಇತ್ತು. ಎರಡು ತಾಸು ಕಳೆಯುವುದರೊಳಗೆ 39ಕ್ಕೆ ಬಿತ್ತು. ಡೆಕ್ಸ್‌ಟ್ರೋಸ್ ಪಕ್ಕದಲ್ಲೇ ಇದ್ದುದರಿಂದ ಅನಾಹುತವಾಗಲಿಲ್ಲ.

ಆ ರಾತ್ರಿ ನಾನು ಕೇಸ್‌ಶೀಟಿನಲ್ಲಿ "ಔಷಧಿ ಒಗ್ಗಲಿಲ್ಲ" ಎಂದು ಬರೆದೆ. ಮರುದಿನ ಬೆಳಗಿನ ರೌಂಡ್ಸ್‌ನಲ್ಲಿ ಕಿರಿಯ ವೈದ್ಯೆಯೊಬ್ಬರು ಆ ಸಾಲನ್ನು ಓದಿ ಕೇಳಿದ ಪ್ರಶ್ನೆ ಇಡೀ ಪ್ರಕರಣದಲ್ಲಿ ಯಾರೂ ಕೇಳದ ಒಳ್ಳೆಯ ಪ್ರಶ್ನೆ: "ಹೊಳೆಯುವ ಗಡ್ಡೆಯೇ ಇನ್ಸುಲಿನ್ ಮಾಡುತ್ತಿದ್ದರೆ ಆಕ್ಟ್ರಿಯೋಟೈಡ್‌ಗೆ ಅದು ಬಗ್ಗಬೇಕಿತ್ತಲ್ಲ ಸರ್?" ಬಗ್ಗಬೇಕಿತ್ತು. ಬಗ್ಗಲಿಲ್ಲ ಎಂದರೆ ಇನ್ಸುಲಿನ್ ಬೇರೆಲ್ಲಿಂದಲೋ ಬರುತ್ತಿದೆ, ಆ ಬೇರೆ ಜಾಗದ ಕೋಶಗಳಲ್ಲಿ ಆ ಗ್ರಾಹಕದ ಜೀನ್ ಸುಮ್ಮನಿದೆ. ಆಕ್ಟ್ರಿಯೋಟೈಡ್ ಅಲ್ಲಿಗೆ ತಾಕಲಿಲ್ಲ. ಆದರೆ ಸಕ್ಕರೆಯನ್ನು ಮೇಲೆತ್ತುವ ಗ್ಲೂಕಗಾನ್ ಹಾರ್ಮೋನನ್ನು ಮಾತ್ರ ಚೆನ್ನಾಗಿ ಅದುಮಿತು. ಅದಕ್ಕೇ ಸಕ್ಕರೆ ಕುಸಿಯಿತು. ಇನ್ಸುಲಿನೋಮಾಗಳಲ್ಲಿ ಈ ಗ್ರಾಹಕ ಹಲವು ಸಲ ವಿರಳವಾಗಿರುತ್ತದೆ ಎಂಬುದು ಹೊಸ ಸಂಗತಿಯೇನಲ್ಲ; ಆದರೆ ಹೊಳೆಯುವ ಚಿತ್ರವೊಂದು ಕೈಯಲ್ಲಿದ್ದಾಗ ಅದು ನೆನಪಿಗೆ ಬರಲಿಲ್ಲ.

ಶಸ್ತ್ರಕ್ರಿಯೆಯನ್ನು ಮುಂದೂಡಿದೆವು. ಮನೆಯವರಿಗೆ ಇದು ಅರ್ಥವಾಗುವುದು ಕಷ್ಟವಾಯಿತು. ಚಿತ್ರದಲ್ಲಿ ಕಾಣುವ ಗಡ್ಡೆಯನ್ನು ಬಿಟ್ಟು ಕಾಣದ ಗಡ್ಡೆಯನ್ನು ಹುಡುಕುತ್ತೇವೆ ಎಂದರೆ ಯಾರಾದರೂ ಏನೆಂದುಕೊಂಡಾರು? ಹೊಟ್ಟೆಯೊಳಗೆ ನಳಿಕೆ ಇಳಿಸಿ ಮಾಡುವ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ನಲ್ಲಿ ಮೇದೋಜ್ಜೀರಕದ ಕತ್ತು ಎನ್ನುವ ಭಾಗದಲ್ಲಿ 13 ಮಿಲಿಮೀಟರಿನ ಇನ್ನೊಂದು ಗಡ್ಡೆ ಸಿಕ್ಕಿತು. ಈಗ ಎರಡಾದವು. ಯಾವುದು ಇನ್ಸುಲಿನ್ ಸುರಿಯುವುದು?

ಇದಕ್ಕೆ ಉತ್ತರ ಕೊಟ್ಟದ್ದು ಎಕ್ಸೆಂಡಿನ್ ಪೆಟ್ ಸ್ಕ್ಯಾನ್. ಇನ್ಸುಲಿನೋಮಾ ಕೋಶಗಳು ಸೊಮಾಟೋಸ್ಟಾಟಿನ್ ಗ್ರಾಹಕವನ್ನು ತೋರಿಸದಿದ್ದರೂ ಬೀಟಾ ಕೋಶಗಳ ಗುಣವನ್ನು ಉಳಿಸಿಕೊಂಡು ಜಿಎಲ್‌ಪಿ-1 ಎಂಬ ಬೇರೊಂದು ಗ್ರಾಹಕವನ್ನು ಧಾರಾಳವಾಗಿ ತೋರಿಸುತ್ತವೆ. ಎಕ್ಸೆಂಡಿನ್-4 ಅದಕ್ಕೆ ಅಂಟುತ್ತದೆ. ಅಂದಹಾಗೆ, ಈ ಅಣು ಮೊದಲು ಸಿಕ್ಕಿದ್ದು ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ. ಚುಚ್ಚಿದಾಗ ಇನ್ಸುಲಿನ್ ಇನ್ನಷ್ಟು ಸುರಿಯಬಹುದಾದ್ದರಿಂದ ಗ್ಲೂಕೋಸ್ ಹನಿ ಹಚ್ಚಿಯೇ ಈ ಸ್ಕ್ಯಾನ್ ಮಾಡಬೇಕು. ದೇಶದಲ್ಲಿ ಕೆಲವೇ ಕೇಂದ್ರಗಳಲ್ಲಿ ಇದು ನಡೆಯುತ್ತದೆ. ಚಿತ್ರ ಬಂದಾಗ ಕತ್ತಿನ ಗಡ್ಡೆ ಬೆಳಗಿತ್ತು. ಬಾಲದ ತುದಿ ಕತ್ತಲಾಗಿತ್ತು. ಎರಡು ಸ್ಕ್ಯಾನ್‌ಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದರಲ್ಲಿ ಹಗಲಾದದ್ದು ಇನ್ನೊಂದರಲ್ಲಿ ಇರುಳು.

ಶಸ್ತ್ರಕ್ರಿಯೆ ಮತ್ತು ಗಾಜಿನ ಪಟ್ಟಿಗಳು

ಕ್ಯಾಲ್ಸಿಯಂ ಹೆಚ್ಚಿದ್ದರೂ ಜೀವಕ್ಕೆ ತಕ್ಷಣದ ಅಪಾಯ ಕಡಿಮೆ ಸಕ್ಕರೆಯಿಂದಲೇ ಇದ್ದುದರಿಂದ ಮೇದೋಜ್ಜೀರಕ ಮೊದಲು, ಪ್ಯಾರಾಥೈರಾಯ್ಡ್ ಆಮೇಲೆ ಎಂದು ನಿರ್ಧಾರವಾಯಿತು. ಕತ್ತಿನ ಗಡ್ಡೆಯನ್ನು ಮಾತ್ರ ಸುಲಿದು ತೆಗೆಯುವುದೋ, ಬಾಲದ ಭಾಗವನ್ನೂ ತೆಗೆಯುವುದೋ ಎಂಬ ಚರ್ಚೆ ಎರಡು ವಾರ ನಡೆಯಿತು. ಇನ್ಸುಲಿನ್ ಮಾಡದ, 2 ಸೆಂಟಿಮೀಟರಿಗಿಂತ ಸಣ್ಣ ಗಡ್ಡೆಗಳನ್ನು ಮೆನ್-1 ರೋಗಿಗಳಲ್ಲಿ ಕಾಯ್ದು ನೋಡುವುದು ರೂಢಿ, ಹೆಚ್ಚು ಗ್ರಂಥಿಯನ್ನು ಕತ್ತರಿಸಿದಷ್ಟೂ ಮುಂದೆ ಸಕ್ಕರೆ ಕಾಯಿಲೆಯ ಭಯ. ಬಾಲದ ಗಡ್ಡೆಯನ್ನು ಬಿಡೋಣ ಎಂಬುದು ನನ್ನ ಮತವಾಗಿತ್ತು. ಶಸ್ತ್ರವೈದ್ಯರು ಅದು ತೀರ ತುದಿಯಲ್ಲಿದೆ, ಮತ್ತೊಮ್ಮೆ ಹೊಟ್ಟೆ ತೆರೆಯುವುದಕ್ಕಿಂತ ಗುಲ್ಮವನ್ನು ಉಳಿಸಿಕೊಂಡು ಅಷ್ಟನ್ನು ಈಗಲೇ ತೆಗೆಯುವುದು ಮೇಲು ಎಂದರು. ಅವರ ಮಾತೇ ನಡೆಯಿತು. ಇವತ್ತಿಗೂ ಯಾವುದು ಸರಿ ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಒಮ್ಮತವಿಲ್ಲ.

ಕತ್ತಿನ ಗಡ್ಡೆ ಹೊರಬರುವಾಗ ಸಕ್ಕರೆ 68 ಇತ್ತು. ಹದಿನೈದು ನಿಮಿಷಕ್ಕೆ 97, ಅರ್ಧ ತಾಸಿಗೆ 131. ಬಾಲದ ತುದಿಯನ್ನು ಆಮೇಲೆ ತೆಗೆದಾಗ ಅಂಕಿಯಲ್ಲಿ ಏನೂ ಬದಲಾಗಲಿಲ್ಲ.

ಪೆಥಾಲಜಿಯ ಗಾಜಿನ ಪಟ್ಟಿಗಳನ್ನು ನೋಡಲು ನಾನೇ ಹೋಗಿದ್ದೆ. ಸಾಮಾನ್ಯ ಗುಲಾಬಿ-ನೇರಳೆ ಬಣ್ಣದಲ್ಲಿ ಎರಡು ಗಡ್ಡೆಗಳೂ ಅವಳಿಗಳಂತೆ ಕಾಣುತ್ತವೆ. ಒಂದೇ ಅಳತೆಯ ದುಂಡು ಕೋಶಗಳು ಸಾಲುಸಾಲಾಗಿ ನಿಂತಿವೆ. ಎರಡರಲ್ಲೂ ವಿಭಜನೆಯಾಗುತ್ತಿರುವ ಕೋಶಗಳ ಪಾಲನ್ನು ತೋರಿಸುವ ಕೆಐ-67 ಅಂಶ ಶೇ 3ಕ್ಕಿಂತ ಕಡಿಮೆ, ಅಂದರೆ ಮೊದಲ ದರ್ಜೆಯ, ನಿಧಾನವಾಗಿ ಬೆಳೆಯುವ ಗಡ್ಡೆಗಳು. ಪ್ರತಿಕಾಯಗಳ ಬಣ್ಣ ಹಾಕಿದ ಪಟ್ಟಿಗಳನ್ನು ಇಟ್ಟಾಗ ಮಾತ್ರ ಅವು ಬೇರೆಬೇರೆ ಮಾತಾಡಿದವು. ಕತ್ತಿನ ಗಡ್ಡೆಯಲ್ಲಿ ಇನ್ಸುಲಿನ್ ಕಂದು ಬಣ್ಣವಾಗಿ ಕೋಶಗಳನ್ನೆಲ್ಲ ತುಂಬಿತ್ತು, ಸೊಮಾಟೋಸ್ಟಾಟಿನ್ ಗ್ರಾಹಕ ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಮಸುಕಾಗಿತ್ತು. ಬಾಲದ ಗಡ್ಡೆಯಲ್ಲಿ ಇನ್ಸುಲಿನ್ ಇರಲಿಲ್ಲ, ಗ್ಲೂಕಗಾನ್ ಇತ್ತು. ಪ್ರತಿಯೊಂದು ಕೋಶದ ಅಂಚಿನಲ್ಲೂ ಗ್ರಾಹಕ ಪೆನ್ಸಿಲಿನಿಂದ ಗೆರೆ ಎಳೆದಂತೆ ಗಾಢವಾಗಿತ್ತು.

ಈ ಎರಡೂ ಗಡ್ಡೆಗಳು ಒಬ್ಬನೇ ಮನುಷ್ಯನ ಒಂದೇ ಗ್ರಂಥಿಯಲ್ಲಿ, ಹುಟ್ಟಿನಿಂದ ಬಂದ ಒಂದೇ ದೋಷದಿಂದ ಎದ್ದವು. ಇನ್ಸುಲಿನ್ ಜೀನ್ ಎರಡರ ಕೋಶಗಳಲ್ಲೂ ಇದೆ, ಅದೂ ಮೆನ್-1 ಇರುವ 11ನೆಯ ವರ್ಣತಂತುವಿನಲ್ಲೇ, ಗಿಡ್ಡ ತೋಳಿನ ತುದಿಯಲ್ಲಿ. ಗ್ರಾಹಕದ ಜೀನ್ ಕೂಡ ಎರಡರಲ್ಲೂ ಇದೆ. ಒಂದರಲ್ಲಿ ಅಭಿವ್ಯಕ್ತವಾದ ಜೀನ್ ಇನ್ನೊಂದರಲ್ಲಿ ಅಭಿವ್ಯಕ್ತವಾಗಲಿಲ್ಲ, ಅಷ್ಟೇ. ಜೀನ್ ಇರುವುದು ಬೇರೆ, ಅದು ಓದಿಸಿಕೊಳ್ಳುವುದು ಬೇರೆ ಎಂಬ ಪಾಠವನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ಈಗ ನಾನು ಈ ಎರಡು ಪಟ್ಟಿಗಳನ್ನೇ ಸೂಕ್ಷ್ಮದರ್ಶಕದಡಿ ಇಡುತ್ತೇನೆ.

ಗಡ್ಡೆ ಮುಂದೆ ಮರುಕಳಿಸುವ ಸುಳಿವು ಕೊಡುವ ಡ್ಯಾಕ್ಸ್ ಮತ್ತು ಎಟಿಆರ್‌ಎಕ್ಸ್ ಪ್ರೋಟೀನ್‌ಗಳನ್ನೂ ನೋಡಿಸಿದೆವು. ಆನುವಂಶಿಕವಲ್ಲದ 68 ಮೇದೋಜ್ಜೀರಕ ನ್ಯೂರೋಎಂಡೋಕ್ರೈನ್ ಗಡ್ಡೆಗಳ ಜೀನ್‌ಗಳನ್ನು ಓದಿದ 2011ರ ಅಧ್ಯಯನದಲ್ಲಿ ಶೇ 44ರಲ್ಲಿ ಮೆನ್-1, ಶೇ 43ರಲ್ಲಿ ಡ್ಯಾಕ್ಸ್ ಅಥವಾ ಎಟಿಆರ್‌ಎಕ್ಸ್ ಕೆಟ್ಟಿದ್ದವು. ಇವು ಕಳೆದುಹೋದ ಗಡ್ಡೆಗಳು ಮರುಕಳಿಸುವ ಸಂಭವ ಹೆಚ್ಚು ಎಂದು ನಂತರದ ಅನುಭವ ತೋರಿಸಿದೆ. ಇವರಲ್ಲಿ ಎರಡೂ ಗಡ್ಡೆಗಳಲ್ಲಿ ಎರಡೂ ಪ್ರೋಟೀನ್‌ಗಳು ಉಳಿದಿದ್ದವು. ಎಂಜಿನಿಯರಿಂಗ್ ಓದಿದ ಸೋದರಳಿಯ, ಅಂದರೆ ಅಕ್ಕನ ಮಗ, 51 ಜೀನ್‌ಗಳ ಅಭಿವ್ಯಕ್ತಿಯನ್ನು ರಕ್ತದಲ್ಲೇ ಅಳೆಯುವ ಪರೀಕ್ಷೆಯ ಬಗ್ಗೆ ಮೊಬೈಲಿನಲ್ಲಿ ಓದಿ ಬಂದು, ಅದನ್ನೇಕೆ ಮಾಡಿಸಲಿಲ್ಲ ಎಂದು ಕೇಳಿದ. ಅದರ ಉತ್ತರ ಏನೇ ಬಂದರೂ ನಾವು ಮಾಡುವ ಕೆಲಸ ಬದಲಾಗುತ್ತಿರಲಿಲ್ಲ, ಅದಕ್ಕೆ ಮಾಡಿಸಲಿಲ್ಲ ಎಂದೆ. ನಾಲ್ಕು ತಿಂಗಳ ನಂತರ ಪ್ಯಾರಾಥೈರಾಯ್ಡ್ ಶಸ್ತ್ರಕ್ರಿಯೆಯೂ ಆಗಿ ಕ್ಯಾಲ್ಸಿಯಂ ಹದಕ್ಕೆ ಬಂತು. ಮೂರ್ಛೆಯ ಗುಳಿಗೆಯನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿದೆವು.

ವರದಿ ಮನೆಗೆ ಹೋದಾಗ

ಜೀನ್ ಪರೀಕ್ಷೆಯ ವರದಿ ಆರು ವಾರಕ್ಕೆ ಬಂತು. ಮೆನ್-1 ಜೀನಿನ ಎರಡನೆಯ ತುಂಡಿನಲ್ಲಿ, ಅಂದರೆ ಎರಡನೆಯ ಎಕ್ಸಾನ್‌ನಲ್ಲಿ 4 ಅಕ್ಷರಗಳು ಬಿಟ್ಟುಹೋಗಿದ್ದವು. ಕೋಶ ಈ ಬರಹವನ್ನು ಮೂರು ಮೂರು ಅಕ್ಷರಗಳಾಗಿ ಓದುವುದರಿಂದ ನಾಲ್ಕು ಹೋದರೆ ಮುಂದಿನದೆಲ್ಲ ಕೆಡುತ್ತದೆ. ಅವರಿಗೆ ಚೀಟಿಯ ಮೇಲೆ ಬರೆದು ತೋರಿಸಿದೆ: "ಅವಳು ಅಡಿಗೆ ಮಾಡಲು ಹೋದಳು." ಎರಡನೆಯ ಅಕ್ಷರದಿಂದ ನಾಲ್ಕನ್ನು ಹೊಡೆದುಹಾಕಿ ಮತ್ತೆ ಮೂರು ಮೂರಾಗಿ ಓದಿದರೆ "ಅಗೆಮಾ ಡಲುಹೋ ದಳು." ರೋಗಿ ಅದನ್ನು ಎರಡು ಸಲ ಓದಿ, ಹಾಸಿನಲ್ಲಿ ನಾಲ್ಕು ಎಳೆ ಬಿಟ್ಟರೆ ಅಂಚಿನವರೆಗೂ ಕುಸುರಿ ಸರಿದುಹೋಗುತ್ತದೆ, ಅದೇ ತಾನೆ ಎಂದರು. ನನ್ನ ಉದಾಹರಣೆಗಿಂತ ಅವರದ್ದು ಚೆನ್ನಾಗಿತ್ತು.

ಇಂಥ ದೋಷ ಇರುವವರ ಪ್ರತಿ ಮಗುವಿಗೂ ಅದು ಹೋಗುವ ಸಾಧ್ಯತೆ ಅರ್ಧ. ಅವರಿಗೆ 19 ವರ್ಷದ ಮಗಳು, 11 ವರ್ಷದ ಮಗ. ಅಕ್ಕನ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾಗಲಿಲ್ಲ. ಕ್ಯಾಲ್ಸಿಯಂ 11, ಎದೆಹಾಲು ಬರಿಸುವ ಪಿಟ್ಯುಟರಿ ಹಾರ್ಮೋನು ಪ್ರೊಲ್ಯಾಕ್ಟಿನ್ ಏರಿ 180, ಅದೇ 4 ಅಕ್ಷರಗಳ ದೋಷ. ಅದನ್ನು ಇಳಿಸುವ ಕ್ಯಾಬರ್ಗೋಲಿನ್ ಗುಳಿಗೆ ಶುರುವಾದ ಮೇಲೆ ಹಾಲು ನಿಂತಿತು.

ಕಷ್ಟ ಎದುರಾದದ್ದು ಬೇರೆ ಕಡೆಯಿಂದ. ಮಗಳನ್ನು ಅಕ್ಕನ ಮಗನಿಗೆ ಕೊಡುವ ಮಾತು ಮನೆಯಲ್ಲಿ ಹಿಂದಿನಿಂದ ನಡೆದುಕೊಂಡು ಬಂದಿತ್ತು. ನಮ್ಮ ಕಡೆ ಇದು ವಿಶೇಷವೇನಲ್ಲ. ಆದರೆ ಇಬ್ಬರಲ್ಲೂ ದೋಷ ಇದ್ದರೆ ಅವರಿಗೆ ಹುಟ್ಟುವ ಪ್ರತಿ ಮಗುವಿಗೆ ಕನಿಷ್ಠ ಒಂದು ಕೆಟ್ಟ ಪ್ರತಿ ಬರುವ ಸಾಧ್ಯತೆ ನಾಲ್ಕರಲ್ಲಿ ಮೂರು, ಎರಡೂ ಕೆಟ್ಟವೇ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಎರಡೂ ಪ್ರತಿ ಇಲ್ಲದ ಇಲಿಮರಿಗಳು ಪ್ರಯೋಗಾಲಯದಲ್ಲಿ ಹುಟ್ಟುವ ಮೊದಲೇ ಸಾಯುತ್ತವೆ. ಇದನ್ನು ಯಾರ ಮುಂದೆ, ಹೇಗೆ ಹೇಳುವುದು? ರೋಗಿಗೆ ಹೇಳಿದರೆ ಮಗಳ ರಕ್ತ ತೆಗೆಸಿ ಎನ್ನುತ್ತಾರೆ. ಹಾಗೆಯೇ ಆಯಿತು. "ನೀವ ಹೇಳ್ರಿ ಸರ, ನಿಮ್ಮ ಮಾತ ಕೇಳ್ತಾಳ," ಎಂದು ಅವರು ಮಗಳನ್ನು ಕರೆತಂದು ಕೂರಿಸಿದರು.

ನಾನು ತಂದೆಯನ್ನು ಹೊರಗೆ ಕೂರಲು ಕೇಳಿಕೊಂಡೆ. ಮಗಳು ಬಿ.ಎಸ್ಸಿ ಓದುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡು, ಕ್ಯಾಲ್ಸಿಯಂ ನೋಡಿ, ಜೀನ್ ಬೇಡ ಎಂದಳು. 9.4 ಬಂತು. ಈ ವಯಸ್ಸಿಗೆ ಸರಿಯಾದ ಕ್ಯಾಲ್ಸಿಯಂ ದೋಷವಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ ಎಂದು ಹೇಳಿದೆ. "ಗೊತ್ತೈತ್ರಿ ಸರ. ಆದರ ಆ ಕಾಗದ ಬಂದ್ರ ಅದು ನಂದಾಗಿ ಉಳಿಯೂದಿಲ್ಲ, ಓಣಿದಾಗತೈತಿ," ಎಂದಳು. ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ವಿಷಯವನ್ನು ಬಿಟ್ಟುಬಿಟ್ಟೆ; ತಂದೆಗೆ ಅದು ಸೇರಲಿಲ್ಲ.

ಗಂಟು ಬಿಚ್ಚಿದ್ದು ಸೋದರಳಿಯ. ತನ್ನ ತಾಯಿಯ ವರದಿಯನ್ನು ಓದಿ, ಯಾರೂ ಕೇಳದೆಯೇ ತನ್ನ ರಕ್ತ ಕೊಟ್ಟ. ಅವನಲ್ಲಿ ದೋಷವಿರಲಿಲ್ಲ. ಅಲ್ಲಿಗೆ ಎರಡೂ ಪ್ರತಿ ಕೆಡುವ ಭಯ ಹೋಯಿತು, ಮಗಳ ಮೇಲಿದ್ದ ಒತ್ತಡವೂ ಇಳಿಯಿತು. ಒಬ್ಬರ ಮೇಲೆ ಪರೀಕ್ಷೆ ಹೇರುವ ಬದಲು, ಒಪ್ಪಿ ಬರುವ ಇನ್ನೊಬ್ಬರಿಂದ ಶುರು ಮಾಡಿದರೆ ಅರ್ಧ ಪ್ರಶ್ನೆ ತಾನಾಗಿ ಕರಗುತ್ತದೆ ಎಂಬುದು ನನಗೆ ಮೊದಲೇ ಹೊಳೆಯಬೇಕಿತ್ತು. 11 ವರ್ಷದ ಮಗನ ವಿಷಯದಲ್ಲಿ ಇಂಥ ಆಯ್ಕೆಗೆ ಜಾಗ ಕಡಿಮೆ. 2012ರ ಮಾರ್ಗಸೂಚಿ 5ನೆಯ ವಯಸ್ಸಿನಿಂದ ಉಪವಾಸದ ಸಕ್ಕರೆ ಮತ್ತು ಪ್ರೊಲ್ಯಾಕ್ಟಿನ್, 8ರಿಂದ ಕ್ಯಾಲ್ಸಿಯಂ ನೋಡಬೇಕೆನ್ನುತ್ತದೆ, ತಂದೆತಾಯಿ ಇಬ್ಬರೂ ಪರೀಕ್ಷೆಗೆ ಒಪ್ಪಿದರು. ಅವನಲ್ಲಿ ದೋಷವಿದೆ. ವರ್ಷಕ್ಕೊಮ್ಮೆ ಬರುತ್ತಾನೆ, ಸದ್ಯಕ್ಕೆ ಎಲ್ಲ ಸರಿಯಿದೆ, ಸೂಜಿ ಕಂಡರೆ ಮಾತ್ರ ಅಳುತ್ತಾನೆ.

ನಮ್ಮಲ್ಲಿ ಬದಲಾದದ್ದು

ಈ ಪ್ರಕರಣದ ನಂತರ ನಮ್ಮ ವಿಭಾಗದಲ್ಲಿ ಸೆಳವಿನಿಂದ ಬಂದ ಪ್ರತಿಯೊಬ್ಬರಿಗೂ ಸೆಳವಿನ ಹೊತ್ತಿನ ಸಕ್ಕರೆ ನೋಡುವುದು ಕಡ್ಡಾಯವಾಗಿದೆ. ಮಧ್ಯಾಹ್ನ ಒಪಿಡಿಗೆ ಬಂದಾಗಿನ ಸಕ್ಕರೆ ಲೆಕ್ಕಕ್ಕಿಲ್ಲ. ಹರಳಿನವರು ಎರಡನೆಯ ಬಾರಿ ಬಂದರೆ ಕ್ಯಾಲ್ಸಿಯಂ ತಪ್ಪಿಸುವುದಿಲ್ಲ. ಸ್ಕ್ಯಾನ್ ಕೋರಿಕೆಯ ಚೀಟಿಯಲ್ಲಿ ಏನನ್ನು ಹುಡುಕುತ್ತಿದ್ದೇವೆ ಎಂದು ಬರೆಯದಿದ್ದರೆ ರೇಡಿಯಾಲಜಿಯವರು ಚೀಟಿಯನ್ನು ವಾಪಸು ಕಳಿಸುತ್ತಾರೆ, ಕಳಿಸಲಿ ಎಂದು ನಾನೇ ಹೇಳಿದ್ದೇನೆ. ಪೆಟ್ ಸ್ಕ್ಯಾನ್‌ನಲ್ಲಿ ಚುಕ್ಕೆ ಹೊಳೆದರೆ ಅದು ಯಾವ ಗ್ರಾಹಕದ ಸುದ್ದಿ ಎಂದು ಮೊದಲು ಕೇಳಿಕೊಳ್ಳುತ್ತೇವೆ; ಗ್ರಾಹಕ ಇರುವ ಗಡ್ಡೆ ಹಾರ್ಮೋನು ಮಾಡುವ ಗಡ್ಡೆಯೇ ಆಗಿರಬೇಕಿಲ್ಲ. ಆಕ್ಟ್ರಿಯೋಟೈಡ್‌ನ ಮೊದಲ ಸೂಜಿಯನ್ನು ಇನ್ಸುಲಿನೋಮಾ ಅನುಮಾನವಿರುವವರಿಗೆ ಮನೆಯಲ್ಲಿ ಕೊಡುವ ಮಾತೇ ಇಲ್ಲ. ಕುಟುಂಬದ ಚರಿತ್ರೆಯನ್ನು ಕಾಯಿಲೆಯ ಹೆಸರಿನಿಂದ ಕೇಳುವುದನ್ನು ಬಿಟ್ಟು ಹರಳು, ಹುಣ್ಣು, ಆಪರೇಷನ್, ತಡವಾದ ಬಸಿರು ಎಂದು ಜನ ಆಡುವ ಮಾತಿನಿಂದ ಕೇಳುವುದನ್ನು ಕಿರಿಯರಿಗೆ ಕಲಿಸುತ್ತಿದ್ದೇವೆ. ಎಲ್ಲಕ್ಕಿಂತ ಹೆಚ್ಚಾಗಿ, ಕಾಗದಗಳ ಚೀಲವನ್ನು ಮೊದಲ ದಿನವೇ ಸುರಿಸುತ್ತೇನೆ.

ರೋಗಿ ಮತ್ತೆ ಮಗ್ಗಕ್ಕೆ ಇಳಿದಿದ್ದಾರೆ. ಆಗಿದ್ದ ತೂಕದಲ್ಲಿ ಒಂಬತ್ತು ಕಿಲೋ ಇಳಿದಿದೆ. ಹೋದ ಸಲ ಬಂದಾಗ ನಸುಕಿನಲ್ಲಿ ನೇಯ್ದ ಸೆರಗಿನ ಒಂದು ತುಂಡನ್ನು ಕಿಸೆಯಿಂದ ತೆಗೆದು ಮೇಜಿನ ಮೇಲೆ ಹರಡಿ, ತಪ್ಪು ಹುಡುಕಿ ಎಂದರು. ನನಗೆ ಸಿಗಲಿಲ್ಲ, ಅವರ ಹೆಂಡತಿ ಒಂದು ಕೊಂಡಿಯ ಮೇಲೆ ಬೆರಳಿಟ್ಟು ನಕ್ಕರು.

ಮಗಳು ಹದಿನಾಲ್ಕು ತಿಂಗಳ ನಂತರ ಒಬ್ಬಳೇ ಬಸ್ಸಿನಲ್ಲಿ ಬಂದು ರಕ್ತ ಕೊಟ್ಟಳು. ವರದಿಯನ್ನು ಮುಚ್ಚಿದ ಲಕೋಟೆಯಲ್ಲಿ ಅವಳ ಕೈಗೇ ಕೊಟ್ಟೆವು. ಅದರಲ್ಲಿ ಏನಿತ್ತು ಎಂದು ಇಲ್ಲಿ ಬರೆಯಬಾರದೆಂದು ಅವಳು ಹೇಳಿದ್ದಾಳೆ.